ಬಾತು ಕಾಯುವ ಬೆಕ್ಕು

ಶಿವಾಜಿನಗರದ ಕೋಳಿ ಅಂಗಡಿಗಳ ಸಾಲಿನಲ್ಲಿ ಶಂಶುನ್ನೀಸಾ ಕರಿ ಬಣ್ಣದ ಡಬ್ಬಿ ಹಿಡಿದು ಓಡಾಡುವುದನ್ನು ಕಂಡವರು, ಪಾಪ, ಮಗ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು. ತಲೆ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಅವಳಿಗೇ ಒಳ್ಳೆಯದಿತ್ತು. ಯಾವ ಬೋರ್ಡು ತನ್ನ ಮಗ ಸಲ್ಮಾನ್ ಬರೆದದ್ದು, ಯಾವುದು ಬೇರೆಯವರದ್ದು ಎಂದು ಅವಳು ದೂರದಿಂದಲೇ ಹೇಳಬಲ್ಲವಳಾಗಿದ್ದಳು. ಅವನ ಹುಂಜ ಕಂಡ ಕಡೆ ನಿಂತು, ಅಂಗಡಿಯವನಿಗೆ ಸಲಾಂ ಹೇಳಿ, ಸ್ಟೂಲು ಕೇಳಿ ಇಸಿದುಕೊಂಡು ಹತ್ತಿ, ಹುಂಜದ ಮುಖದ ಮೇಲೆ ಕರಿ ಬಣ್ಣ ಬಳಿದು ಇಳಿಯುತ್ತಿದ್ದಳು. ಮೈ ಇರಬಹುದು, ರೆಕ್ಕೆ ಇರಬಹುದು, ಬಾಲದ ಪುಕ್ಕವೂ ಇರಬಹುದು. ಮುಖ ಮಾತ್ರ ಇರಕೂಡದು.

ಸಲ್ಮಾನ್ ಬೋರ್ಡು ಬರೆಯುವವನು. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಹೊಸದಾಗಿ ತೆರೆಯಲಿದ್ದ ಬಿರಿಯಾನಿ ಹೋಟೆಲಿನ ಗೋಡೆಯ ಮೇಲೆ ಕುರಿಗಳನ್ನು ಬರೆಯುತ್ತಿದ್ದಾಗ ಬಿದಿರ ಸಾರ್ವೆಯ ಹಗ್ಗ ಸಡಿಲಿ ಕೆಳಗೆ ಬಿದ್ದ. ಫುಟ್‌ಪಾತಿನ ಅಂಚು ತಲೆಗೆ ಬಡಿಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿದಿತ್ತು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಗುಜರಿಯಲ್ಲಿ ಹಳೇ ಸ್ಪೇರ್ ಪಾರ್ಟ್ಸ್ ಮಾರುತ್ತಿದ್ದ ಗಂಡ ಅನೀಸ್ ಸತ್ತ ಮೇಲೆ ಶಂಶುನ್ನೀಸಾಗೆ ಇದ್ದದ್ದು ಅವನೊಬ್ಬನೇ.

ಇಷ್ಟಾಗಿದ್ದರೆ ಅವಳೂ ಲೋಕದ ಬೇರೆ ತಾಯಂದಿರಂತೆ ಅತ್ತು, ಸುಸ್ತಾಗಿ, ಮತ್ತೆ ಅತ್ತು ದಿನ ಕಳೆಯುತ್ತಿದ್ದಳು. ಆದರೆ ಮೂರನೆಯ ದಿನ, ಹೆಂಗಸರೆಲ್ಲ ಬಿಳಿ ಬಟ್ಟೆಯ ಸುತ್ತ ಕೂತು ಕಲಿಮಾ ಓದುತ್ತಾ ಎಣಿಕೆಗೆ ಹುಣಿಸೆ ಬೀಜ ಸರಿಸುತ್ತಿದ್ದಾಗ, ಅನೀಸನ ಅಕ್ಕ ನೂರುನ್ನೀಸಾ ಒಂದು ಮಾತು ಆಡಿದಳು. ಒಳ್ಳೆಯ ಹುಡುಗ, ಆದರೆ ಜೀವವಿರುವವನ್ನೇ ಬರೆದುಕೊಂಡು ಬದುಕಿದ, ಅಲ್ಲಿ ಹೋದ ಮೇಲೆ ನೀನು ಬರೆದದ್ದಕ್ಕೆ ಜೀವ ಕೊಡು ಅಂತ ಕೇಳುತ್ತಾರಂತೆ, ಕೊಡುವವರೆಗೂ ಬಿಡುವುದಿಲ್ಲವಂತೆ ಎಂದು ದಖನಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು. ಚುಚ್ಚಬೇಕೆಂದು ಆಡಿದ್ದಲ್ಲ. ಸತ್ತ ಮನೆಯಲ್ಲಿ ಸುಮ್ಮನೆ ಕೂತಿರಲಾರದ ಬಾಯಿ ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳೇನೋ ಬಿರಿಯಾನಿ ಉಂಡು, ತಂಗಿಯಂಥವಳನ್ನು ತಬ್ಬಿಕೊಂಡು ಅತ್ತು, ಮನೆಗೆ ಹೋದಳು. ಆಡಿದ ಮಾತು ಶಂಶುನ್ನೀಸಾಳ ಎದೆಯಲ್ಲಿ ಉಳಿದುಬಿಟ್ಟಿತು.

ಅಂದಿನಿಂದ ಅವಳ ಕಣ್ಣಿಗೆ ಒಂದೇ ನೋಟ. ಮಗ ಮಣ್ಣಿನೊಳಗೆ ಕೂತಿದ್ದಾನೆ. ಅವನು ಬರೆದ ಹುಂಜ, ಕುರಿ, ಮೀನುಗಳೆಲ್ಲ ಬಾಯಿ ತೆರೆದುಕೊಂಡು ಅವನ ಸುತ್ತ ನಿಂತಿವೆ. ಜೀವ ಕೊಡು ಅನ್ನುತ್ತಿವೆ. ಅವನ ಕೈಯಲ್ಲಿ ಬ್ರಷ್ ಬಿಟ್ಟರೆ ಬೇರೇನೂ ಇಲ್ಲ. ಅವಳು ಮಸೀದಿಯ ವಯಸ್ಸಾದ ಹಜರತ್ತರ ಬಳಿ ಹೋಗಿ, ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಅವರು ಬೈಯಲಿಲ್ಲ, ಹೆದರಿಸಲಿಲ್ಲ. ಅಲ್ಲಾಹನ ದಯೆ ನಮ್ಮ ನಿಮ್ಮ ಅಳತೆಗೆ ಸಿಗುವಂಥದ್ದಲ್ಲ, ದುಡಿದು ತಾಯಿಯನ್ನು ಸಾಕಿದ ಹುಡುಗ ಅವನು, ಅವನಿಗಾಗಿ ದುವಾ ಮಾಡು, ಹಸಿದವರಿಗೆ ಉಣ್ಣಿಸು, ಉಳಿದದ್ದು ಅವನಿಗೂ ಅವನ ಮಾಲೀಕನಿಗೂ ಬಿಟ್ಟದ್ದು ಎಂದರು. ಅವಳು ತಲೆಯಾಡಿಸಿ ಬಂದಳು. ಸಮಾಧಾನ ಕಿವಿಯವರೆಗೆ ಹೋಯಿತು, ಹೊಟ್ಟೆಗಿಳಿಯಲಿಲ್ಲ. ಮುಖವಿಲ್ಲದ ಚಿತ್ರಕ್ಕೆ ಜೀವದ ಲೆಕ್ಕವಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದಳು. ಅವಳ ಅಜ್ಜಿ ಮನೆಗೆ ತಂದ ಗೊಂಬೆಗಳ ಮುಖವನ್ನು ಮೊದಲು ಒಲೆಯ ಬೂದಿಯಲ್ಲಿ ಉಜ್ಜಿ ಆಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದಳು. ನಲವತ್ತನೆಯ ದಿನದ ಫಾತಿಹಾ ಆಗುವುದರೊಳಗೆ ಮಗ ಬರೆದ ಮುಖ ಒಂದೂ ಈ ಭೂಮಿಯ ಮೇಲೆ ಉಳಿಯಬಾರದು ಎಂದು ಅವಳು ತೀರ್ಮಾನಿಸಿದಳು.

ಒಂದು ಕಾಲದಲ್ಲಿ ಅವಳು ಫ್ಲೆಕ್ಸ್ ಬೋರ್ಡಿಗೆ ಹಿಡಿಶಾಪ ಹಾಕಿದವಳು. ಫ್ಲೆಕ್ಸ್ ಬಂದು ಕೈಯಲ್ಲಿ ಬರೆಯುವವರ ಅನ್ನಕ್ಕೆ ಕಲ್ಲು ಬಿತ್ತು ಎಂದು ಕಂಡಕಂಡವರೆದುರು ಗೊಣಗುತ್ತಿದ್ದಳು. ಈಗ ಅದೇ ಫ್ಲೆಕ್ಸನ್ನು ಮನಸಾರೆ ಹರಸಿದಳು. ಎಷ್ಟೋ ಅಂಗಡಿಗಳಲ್ಲಿ ಸಲ್ಮಾನನ ಹಳೆಯ ಬೋರ್ಡನ್ನು ಕಿತ್ತು ಗುಜರಿಗೆ ಹಾಕಿದ್ದರು. ಕಮ್ಮನಹಳ್ಳಿಯ ಆ ಗೋಡೆಯ ಹತ್ತಿರವೂ ಬಸ್ಸು ಹಿಡಿದು ಹೋಗಿ ಬಂದಳು. ಅಪಶಕುನವೆಂದು ಹೋಟೆಲಿನವರು ಅರ್ಧ ಬರೆದ ಕುರಿಗಳ ಮೇಲೆ ಆಗಲೇ ಸುಣ್ಣ ಹೊಡೆಸಿದ್ದರು. ಮಗನ ಕಡೆಯ ಕೆಲಸ ಕಾಣದಂತಾಯಿತಲ್ಲ ಎಂದು ಅಲ್ಲಿ ನಿಂತು ಅತ್ತಳು, ಸದ್ಯ ಕಾಣುತ್ತಿಲ್ಲವಲ್ಲ ಎಂದು ಸಮಾಧಾನವನ್ನೂ ಪಟ್ಟಳು. ಎರಡೂ ನಿಜವೇ.

ರಸೆಲ್ ಮಾರ್ಕೆಟ್ಟಿನ ಹಿಂದೆ ಮಟನ್ ಅಂಗಡಿ ಇಟ್ಟಿದ್ದ ಆದಿಲ್ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಅವನ ಶಟರಿನ ಮೇಲೆ ಸಲ್ಮಾನ್ ಬರೆದಿದ್ದ ಟಗರಿನ ಮುಂದೆ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಲ್ಮಾನ್ ತನ್ನ ಜೊತೆ ಓದಿದವನು, ಅವನದ್ದು ಅಂತ ಉಳಿದಿರುವುದು ಇದೊಂದೇ, ಇದನ್ನು ಹೇಗೆ ಅಳಿಸಲಿ ಎಂದ. ಶಂಶುನ್ನೀಸಾ ವಾದ ಮಾಡಲಿಲ್ಲ, ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಳು. ಗಿರಾಕಿಗಳು ಬಂದರು, ಹೋದರು. ಕೊನೆಗೆ ಆದಿಲ್ ಕತ್ತಿ ಕೆಳಗಿಟ್ಟು ಕೈ ತೊಳೆದು ಬಂದು, "ನೀವು ಹತ್ಬೇಡಿ ಖಾಲಾ, ನಾನೇ ಮಾಡ್ತೀನಿ" ಎಂದು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ. ಅವನ ಬೆನ್ನು ಅಲುಗುತ್ತಿದ್ದುದನ್ನು ನೋಡಲಾರದೆ ಅವಳು ಮಾರ್ಕೆಟ್ಟಿನ ಕಡೆ ಮುಖ ತಿರುಗಿಸಿಕೊಂಡಳು.

ಬೋರ್ಡುಗಳ ಕೆಲಸ ಮುಗಿದ ಮೇಲೆ ಕಲ್ಲುಗಳು ಉಳಿದವು.

ಕಲ್ಲಿನ ಮೇಲೆ ಬರೆಯುವ ಕೆಲಸ ಸಲ್ಮಾನನಿಗೆ ಸಿಕ್ಕಿದ್ದು ಹುಲಿಗೆಪ್ಪನಿಂದ. ಹುಲಿಗೆಪ್ಪ ಲಿಂಗಸುಗೂರಿನ ಕಡೆಯವನು. ದೊಡ್ಡನೆಕ್ಕುಂದಿಯ ಕಲ್ಲಿನ ಡಿಪೋದಲ್ಲಿ ಶಹಾಬಾದ್ ಕಲ್ಲು ಕೊಯ್ಯುವ ಕೆಲಸ, ಕಗ್ಗದಾಸಪುರದಲ್ಲಿ ಬಾಡಿಗೆ ರೂಮು. ಡಿಪೋದ ಬೋರ್ಡು ಬರೆಯಲು ಹೋದಾಗ ಸಲ್ಮಾನನಿಗೆ ಸ್ನೇಹಿತನಾದವನು. ಇಂದಿರಾನಗರದಲ್ಲಿ ನಂದಿತಾ ಎಂಬ ನಿವೃತ್ತ ಟೀಚರೊಬ್ಬರ ಮನೆಯಂಗಳಕ್ಕೆ ಕಲ್ಲು ಹಾಸುತ್ತಿದ್ದಾಗ ಆಕೆ ಮೂಲೆಯಲ್ಲಿ ಬಿದ್ದಿದ್ದ ಒಡೆದ ಚೂರುಗಳನ್ನು ಎತ್ತಿ ನೋಡಿ, ಇವುಗಳ ಮೇಲೆ ಪ್ರಾಣಿಗಳನ್ನು ಬರೆದುಕೊಡುವವರು ಯಾರಾದರೂ ಗೊತ್ತೇ ಎಂದು ವಿಚಾರಿಸಿದರಂತೆ. ಹುಲಿಗೆಪ್ಪ ಸಲ್ಮಾನನನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದ.

ನಂದಿತಾ ತಮ್ಮ ಮನೆಯ ಮುಂದಿನ ಎರಡು ಕೋಣೆಗಳನ್ನು ಸ್ಕೂಲು ಮಕ್ಕಳಿಗಾಗಿ ತೆರೆದಿಟ್ಟಿದ್ದರು. ಹಳೇ ನಾಣ್ಯ, ಶಂಖ, ಸೇರು ಪಾವುಗಳ ನಡುವೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಒಂದು ಕಲ್ಲಿನ ಚೂರು ಇತ್ತು. ಹಲಸೂರಿನ ಸ್ಯಾಪರ್ಸ್ ಪಡೆಯಲ್ಲಿದ್ದ ಅವರ ತಾತ ಎರಡನೆಯ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋದವರು, ಅಲ್ಲಿ ಯಾರಿಗೋ ಒಂದು ಪ್ಯಾಕ್ ಸಿಗರೇಟು ಕೊಟ್ಟು ಅದನ್ನು ಪಡೆದು ತಂದಿದ್ದರು. ಅದರ ಮೇಲೆ ಕಪ್ಪು ಗೆರೆಯಲ್ಲಿ, ಕೆಂಪು ಬಣ್ಣದಲ್ಲಿ ಒಂದು ಬೆಕ್ಕು. ಎರಡು ಕಾಲ ಮೇಲೆ ಮನುಷ್ಯನಂತೆ ನಿಂತು, ಹೆಗಲ ಮೇಲಿನ ಕೋಲಿಗೆ ಬುತ್ತಿ ಕಟ್ಟಿಕೊಂಡು, ಬಾತುಗಳ ಹಿಂಡನ್ನು ಮೇಯಿಸಲು ಹೊಡೆದುಕೊಂಡು ಹೋಗುತ್ತಿದೆ. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬಾಯಲ್ಲಿ ಆಡುತ್ತಾರೆ, ಅಲ್ಲಿನವರು ಬೆಕ್ಕಿಗೆ ಬಾತು ಕಾಯುವ ಕೆಲಸ ಕೊಟ್ಟು ಬರೆದೇ ಇಟ್ಟಿದ್ದರು. ಮಕ್ಕಳಿಗೆ ಅದನ್ನು ಮುಟ್ಟುವ ಆಸೆ. ಮುಟ್ಟಲು ಕೊಡುವಂಥದ್ದಲ್ಲ. ಅದಕ್ಕೇ ಅದರದ್ದೂ, ಪುಸ್ತಕದಲ್ಲಿದ್ದ ಅಂಥದೇ ಬೇರೆ ಚಿತ್ರಗಳದ್ದೂ ನಕಲು ಬೇಕಿತ್ತು, ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ ಎಂದು.

ಸಲ್ಮಾನನಿಗೆ ಹುಚ್ಚು ಹಿಡಿದದ್ದು ಆಗ. ಅಮ್ಮಿಯ ಪಾತ್ರೆಯಲ್ಲಿ ಹಾಲಿಲ್ಲದ ಟೀ ಕುದಿಸಿ ಕಲ್ಲಿನ ಚೂರುಗಳನ್ನು ಅದರಲ್ಲಿ ನೆನೆಹಾಕುತ್ತಿದ್ದ, ಹಳೆಯದರಂತೆ ಕಾಣಲಿ ಎಂದು. ಪಾತ್ರೆ ಹಾಳಾಯಿತೆಂದು ಅವಳು ಬೈದರೆ, ರಾಜರ ಗೋರಿಗಳ ಒಳಗೆ ಚಿತ್ರ ಬರೆಯುತ್ತಿದ್ದವರೂ ನಮ್ಮಂಥ ಕೂಲಿಯವರೇ, ಬಿಡುವಿನಲ್ಲಿ ಕಲ್ಲಿನ ಚೂರು ಹೆಕ್ಕಿ ತಮಾಷೆಗೆ ಬರೆದದ್ದು ಇವೆಲ್ಲ ಎಂದು ಕಥೆ ಹೇಳುತ್ತಿದ್ದ. ಒಂದೊಂದು ಚೂರು ಮುಗಿದಾಗಲೂ ಅವಳ ಮುಂದೆ ಹಿಡಿದು, "ಮೂರು ಸಾವಿರ ವರ್ಷ ಹಳೇದು ಅಮ್ಮಿ, ಜೋಪಾನ" ಅನ್ನುವುದು ಅವನ ತಮಾಷೆ. ಬೆಕ್ಕಿನ ಠೀವಿ ನೋಡಿ, ನಿನ್ನ ಫುಪ್ಪು ನೂರುನ್ನೀಸಾ ಮಾರ್ಕೆಟ್ಟಿಗೆ ಹೊರಟ ಹಾಗೇ ಇದೆಯಲ್ಲೋ ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗು ನೆನಪಾದರೆ ಈಗ ಅವಳಿಗೆ ಮೈ ಉರಿಯುತ್ತಿತ್ತು. ಅಂದೇ ಬೇಡವೆಂದು ಕೈ ಹಿಡಿದಿದ್ದರೆ ಎಂದುಕೊಂಡು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

ಅವನ ಬಣ್ಣದ ಟ್ರಂಕನ್ನು ಅವಳು ತೆರೆದದ್ದು ಫಾತಿಹಾಕ್ಕೆ ಮನೆ ಸಾರಿಸಿ ಗುಡಿಸುವಾಗ. ತಳದಲ್ಲಿ ಅವಳದೇ ಹಳೆಯ ದುಪ್ಪಟ್ಟದ ತುಂಡಿನಲ್ಲಿ ಸುತ್ತಿಟ್ಟ ಎರಡು ಕಲ್ಲುಗಳಿದ್ದವು. ಎರಡರಲ್ಲೂ ಅದೇ ಬೆಕ್ಕು, ಅವೇ ಬಾತುಗಳು. ಅವಳು ನಮಾಜಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದು ವಜೂ ಮಾಡಿ ಬಂದು, ಕಲ್ಲುಗಳನ್ನು ನಲ್ಲಿಯ ಕೆಳಗೆ ತೆಗೆದುಕೊಂಡು ಹೋದಳು. ಮೊದಲನೆಯದು ಹಟ ಮಾಡಿತು. ಒದ್ದೆ ಬಟ್ಟೆಗೆ ಬಗ್ಗಲಿಲ್ಲ, ಸೋಪಿಗೆ ಬಗ್ಗಲಿಲ್ಲ, ಕೊನೆಗೆ ಪಾತ್ರೆ ಉಜ್ಜುವ ಸ್ಟೀಲಿನ ಜುಂಗು ಹಿಡಿದು ತಿಕ್ಕಿ ತಿಕ್ಕಿ ಅವಳ ಬೆರಳು ಸುಲಿದು ರಕ್ತ ಬಂತು. ಅಷ್ಟಾದ ಮೇಲೆ ಬೆಕ್ಕಿನ ಮುಖ ಹೋಯಿತು. ಎರಡನೆಯದನ್ನು ನೀರಿಗೆ ಒಡ್ಡಿದ್ದೇ ತಡ, ಕೆಂಪು ಕರಗಿ ಅವಳ ಮಣಿಕಟ್ಟಿನ ಮೇಲೆ ಹರಿಯಿತು. ಬಟ್ಟೆ ಸೋಕಿಸುತ್ತಿದ್ದಂತೆ ಮುಖವಷ್ಟೇ ಅಲ್ಲ, ಕೋಲು, ಬುತ್ತಿ, ಬಾತುಗಳ ಕೊಕ್ಕು ಎಲ್ಲ ತೊಳೆದುಹೋದವು. ಕಲ್ಲು ಬರಿ ಕಲ್ಲಾಗಿ ಉಳಿಯಿತು. ಅಲ್ಲಾಹ್ ಒಂದಕ್ಕೆ ರಕ್ತ ಬರುವಷ್ಟು ಪರೀಕ್ಷೆ ಮಾಡಿ ಇನ್ನೊಂದನ್ನು ಇಷ್ಟು ಹಗುರ ಮಾಡಿಕೊಟ್ಟನಲ್ಲ, ನನ್ನ ಕೂಗು ಮುಟ್ಟಿದೆ ಎಂದುಕೊಂಡು ಆ ನಲ್ಲಿಯ ಹತ್ತಿರವೇ ನೆಲಕ್ಕೆ ಹಣೆ ಹಚ್ಚಿದಳು. ಮಗ ಸತ್ತ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ನಲವತ್ತನೆಯ ದಿನದ ಫಾತಿಹಾ ಆಯಿತು. ಊಟಕ್ಕೆ ಬಂದಿದ್ದ ಹುಲಿಗೆಪ್ಪನಿಗೆ ಅವಳು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಆ ಮೇಡಂ ಮನೆಯಲ್ಲಿ ಉಳಿದ ಕಲ್ಲುಗಳಿವೆ, ಅವೂ ಅಳಿಯಬೇಕು. ಫಾತಿಹಾದೊಳಗೆ ಆಗಲಿಲ್ಲ, ಇನ್ನು ತಡ ಮಾಡಲಾರೆ. ಮನೆಯಲ್ಲಿರುವ ಎರಡೂ ಅವರ ಕಲ್ಲುಗಳೇ, ಸತ್ತವನ ಮೇಲೆ ಯಾರೋ ನಂಬಿ ಕೊಟ್ಟ ಅಮಾನತ್ತು ಉಳಿಯಬಾರದು, ವಾಪಸು ಕೊಡಬೇಕು. ಸತ್ತವರ ಹೆಸರಿನಲ್ಲಿ ತಾಯಿ ಏನು ಮಾಡಿದರೂ ಅದನ್ನು ಪ್ರಶ್ನೆ ಮಾಡುವ ಹಕ್ಕು ಬೇರೆಯವರಿಗಿಲ್ಲ ಎಂಬುದು ಹುಲಿಗೆಪ್ಪನ ಊರಿನ ಕಡೆಯ ನಂಬಿಕೆ.

"ಆ ಮೇಡಂ ಮನಿ ನಂಗ ಗೊತ್ತದ ಅಮ್ಮಾ," ಎಂದ. "ನಾ ಕರ್ಕೊಂಡ್ ಹೋಗ್ತೀನಿ, ನಡ್ರಿ."

ಮರುದಿನ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಇಂದಿರಾನಗರಕ್ಕೆ ಹೋದರು. ನಂದಿತಾ ಗೇಟಿನವರೆಗೂ ಬಂದು ಶಂಶುನ್ನೀಸಾಳ ಎರಡೂ ಕೈ ಹಿಡಿದುಕೊಂಡರು. ಮೂರನೆಯ ದಿನ ಅವರೂ ಶಿವಾಜಿನಗರದ ಮನೆಗೆ ಬಂದು, ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ಹೋಗಿದ್ದರು. ಒಳಗೆ ಕೂರಿಸಿ, ನೀರು ಕೊಟ್ಟು, ಸಲ್ಮಾನ್ ಕೂತು ಕೆಲಸ ಮಾಡುತ್ತಿದ್ದ ಕಿಟಕಿಯನ್ನು ತೋರಿಸಿದರು. ಶಂಶುನ್ನೀಸಾ ಚೀಲದಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟು, ನಿಮ್ಮ ಅಮಾನತ್ತು ತಂದಿದ್ದೇನೆ ಎಂದಳು. ನಂದಿತಾ ಗಂಟಿನ ಮೇಲೆ ಅಂಗೈಯಿಟ್ಟು ದೀರ್ಘವಾಗಿ ಉಸಿರು ಬಿಟ್ಟರು. ಬಿಚ್ಚಿ ನೋಡಲಿಲ್ಲ. ಮಗನನ್ನು ಕಳೆದುಕೊಂಡವಳ ಎದುರು ವಸ್ತು ಸರಿಯಿದೆಯೇ ಎಂದು ಪರೀಕ್ಷಿಸುವುದು ಅವರಿಂದಾಗುವ ಕೆಲಸವಲ್ಲ. ಅಷ್ಟು ದಿನವೂ ಅವರು ಅದೇ ಸಂಕೋಚದಿಂದ ಬಾಯಿ ಬಿಟ್ಟಿರಲಿಲ್ಲ. ಅವತ್ತು ಚಾಪೆಯ ಮೇಲೆ ಕೂತಾಗ ಮೂಲೆಯ ಟ್ರಂಕು ಕಣ್ಣಿಗೆ ಬಿದ್ದಿತ್ತು, ಅದರಲ್ಲೇ ಇರಬೇಕು ಎಂದೂ ಅನ್ನಿಸಿತ್ತು. ನಲವತ್ತು ಕಳೆಯಲಿ, ಆಮೇಲೆ ಕೇಳೋಣ ಎಂದು ಎದ್ದು ಬಂದಿದ್ದರು.

ಶಂಶುನ್ನೀಸಾ ತಾನು ಬಂದ ಕೆಲಸ ಹೇಳತೊಡಗಿದಳು. ಮಗ ಬರೆದ ಚಿತ್ರಗಳ ಮುಖ ಅಳಿಸುತ್ತಿದ್ದೇನೆ, ಬೋರ್ಡುಗಳೆಲ್ಲ ಮುಗಿದವು, ಇಲ್ಲಿರುವ ಕಲ್ಲುಗಳದ್ದು ಮಾತ್ರ ಉಳಿದಿದೆ, ದಯವಿಟ್ಟು ಒಪ್ಪಿಗೆ ಕೊಡಿ ಎಂದಳು. ಯಾಕೆ ಎಂಬುದನ್ನೂ ಹೇಳಿದಳು. ನಂದಿತಾ ಮೊದಲು ಕನಿಕರದಿಂದ ಕೇಳುತ್ತಿದ್ದರು. ಆಮೇಲೆ ಅವರ ನೋಟ ಗಂಟಿನ ಕಡೆ ಹೊರಳಿತು. ಗಂಟಿನ ಮೇಲಿದ್ದ ಕೈ ಮೆಲ್ಲಗೆ ಗಂಟು ಬಿಚ್ಚಿತು. ತಿಕ್ಕಿ ಗೀರಾಗಿದ್ದ ಕಲ್ಲನ್ನು ಪಕ್ಕಕ್ಕಿಟ್ಟರು. ಇನ್ನೊಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು, ಕಿಟಕಿಯ ಬೆಳಕಿಗೆ ಹಿಡಿದರು, ಅಂಚಿನಲ್ಲಿ ಮುರಿದಿದ್ದ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಮೇಜಿನ ಮೇಲಿಡಲು ಅವರಿಗೆ ತುಂಬ ಹೊತ್ತು ಬೇಕಾಯಿತು.

"ಇದು ನಿಮ್ಮ ಮಗ ಬರ್ದಿದ್ದಲ್ಲಮ್ಮ," ಎಂದರು.

ಶಂಶುನ್ನೀಸಾಗೆ ಅರ್ಥವಾಗಲಿಲ್ಲ. ನಂದಿತಾ ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳಿ ರೂಢಿಯಾದ ದನಿಯಲ್ಲೇ ಎಲ್ಲ ಹೇಳಿದರು. ತಾನು ಮಾಡಿದ ಮೊದಲ ನಕಲು ಸಲ್ಮಾನನಿಗೆ ಒಪ್ಪಿಗೆಯಾಗಿರಲಿಲ್ಲ, ಬೆಕ್ಕಿನ ಮೈಯ ಕೆಂಪು ಕೂಡಿಬಂದಿಲ್ಲ, ಇನ್ನೊಂದು ಮಾಡುತ್ತೇನೆ, ಬೆಳಗಿನ ಬಿಸಿಲಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಎಂದು ಹಟ ಹಿಡಿದ. ಆಕೆಯೇ ತಮ್ಮ ಕೈಯಾರೆ ತಾತ ತಂದ ಆ ಹಳೆಯ ಕಲ್ಲನ್ನೇ ಪೆಟ್ಟಿಗೆಯಿಂದ ತೆಗೆದು ಅವನಿಗೆ ಕೊಟ್ಟರು. ಮಕ್ಕಳು ಬಂದಾಗ ಪೆಟ್ಟಿಗೆ ಖಾಲಿ ಕಾಣಬಾರದೆಂದು ಆ ಮೊದಲ ನಕಲನ್ನು ಗಾಜಿನೊಳಗೆ ಇಟ್ಟರು. ನೀರು ಸೋಕಿದರೆ ಬಣ್ಣ ಹೋಗುತ್ತದೆಂದು ಅವನಿಗೆ ಹೇಳಿ ಕಳಿಸಿದ್ದರು. ಅವನ ತಾಯಿಗೆ ಹೇಳಬೇಕಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು.

"ಮತ್ತೆ ಇದು ಯಾರ್ದು?" ಎಂದು ಶಂಶುನ್ನೀಸಾ ಕೇಳಿದಳು.

"ಹೆಸರು ಗೊತ್ತಿಲ್ಲ. ಯಾರೋ ಪೇಂಟರ್. ಅವನು ಹೋಗಿ ಮೂರು ಸಾವಿರ ವರ್ಷ ಆಯ್ತು."

ಮಗನ ತಮಾಷೆಯ ಮಾತು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು, ಈ ಸಲ ಅದರಲ್ಲಿ ತಮಾಷೆಯಿರಲಿಲ್ಲ. ಪ್ರತಿ ಕಲ್ಲಿಗೂ ಅದನ್ನೇ ಹೇಳಿದವನು ಇದಕ್ಕೂ ಹೇಳಿದ್ದ. ಹೇಳಿದಾಗ ಅವಳು ಒಲೆಯ ಮುಂದೆ ಈರುಳ್ಳಿ ಬಾಡಿಸುತ್ತಾ, ಸಾಕು ಹೋಗೋ, ನಿನ್ನ ಮೂರು ಸಾವಿರ ವರ್ಷಕ್ಕೆ ಬೆಂಕಿ ಬೀಳಲಿ ಎಂದಿದ್ದಳು. ನಲ್ಲಿಯ ನೀರಿನಲ್ಲಿ ಹರಿದುಹೋದ ಕೆಂಪು ಕಣ್ಣಮುಂದೆ ಬಂತು. ಅಷ್ಟು ಹಗುರವಾಗಿ ಅಳಿದದ್ದನ್ನು ಅಲ್ಲಾಹನ ಒಪ್ಪಿಗೆ ಎಂದುಕೊಂಡು ತಾನು ಹಣೆ ಹಚ್ಚಿದ್ದೂ ನೆನಪಾಯಿತು. ಯಾರೋ ಬೇರೆ ತಾಯಿಯ ಮಗ. ಅವನಿಗಾಗಿ ಕರಿ ಬಣ್ಣದ ಡಬ್ಬಿ ಹಿಡಿದು ಬೀದಿ ಅಲೆಯುವವರು ಯಾರೂ ಇದ್ದಿರಲಾರರು. ಮೂರು ಸಾವಿರ ವರ್ಷದಿಂದ ಅವನು ಒಬ್ಬನೇ ಆ ಬೆಕ್ಕಿನ ಮುಂದೆ ಕೂತಿದ್ದರೆ, ಅವನಿಗೆ ಬಿಡುಗಡೆಯಾಯಿತು. ತನ್ನ ಕೈಯಿಂದಲೇ ಆಯಿತು. ತನ್ನ ಮಗನಿಗೆ ಆಗಲಿಲ್ಲ.

ಅವಳು ಏನು ಮಾಡುವುದೆಂದು ತಿಳಿಯದೆ ಕುರ್ಚಿಯಿಂದಿಳಿದು ನಂದಿತಾರ ಕಾಲು ಮುಟ್ಟಲು ಬಗ್ಗಿದಳು. ನಂದಿತಾ ಬೇಡ ಎಂದು ಕೈ ಅಡ್ಡ ಹಿಡಿದರು. ಅವರಿಗೆ ಸಿಟ್ಟು ಬಂದಿತ್ತು, ದುಃಖವೂ ಬಂದಿತ್ತು. ಬೈಯಲು ಎದುರಿಗಿದ್ದವಳು ಬೈಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಎದ್ದು ಒಳಗೆ ಹೋಗಿ ಒಂದು ತಟ್ಟೆ ತಂದು ಅವಳ ಮುಂದಿಟ್ಟರು. ಅಂಜೂರ ತಿನ್ನುವ ಕೋತಿ, ಕುರ್ಚಿಯ ಮೇಲೆ ಕೂತ ಇಲಿ, ಕರುವಿಗೆ ಹಾಲೂಡುವ ಹಸು, ಎಲ್ಲ ಸಲ್ಮಾನನ ಕೈಯವು. ಜೊತೆಗೆ ಹತ್ತಿ, ಸ್ಪಿರಿಟ್ ಬಾಟಲಿ.

"ಇವು ಅವನು ಬರ್ದಿದ್ದು. ನಿಮ್ಮವು. ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ," ಎಂದರು.

ಹುಲಿಗೆಪ್ಪ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಶಂಶುನ್ನೀಸಾ ಒಂದೊಂದಾಗಿ ಮುಖ ಒರೆಸಿದಳು. ಸ್ಪಿರಿಟ್ಟಿಗೆ ಬಣ್ಣ ಬಿಟ್ಟುಕೊಂಡಿತು, ಹತ್ತಿ ಕೆಂಪಾಯಿತು, ಕರ್ರಗಾಯಿತು. ತಟ್ಟೆ ಮುಗಿದ ಮೇಲೆ ಅವಳು ತಲೆಯೆತ್ತಿ ಗಾಜಿನ ಪೆಟ್ಟಿಗೆಯ ಕಡೆ ನೋಡಿದಳು. ಒಳಗೆ ಬೆಕ್ಕು ಬುತ್ತಿ ಹೊತ್ತುಕೊಂಡು, ಬಾತುಗಳ ಹಿಂದೆ, ಕಣ್ಣು ಬಿಟ್ಟುಕೊಂಡು ನಿಂತಿತ್ತು.

"ಅದೂ ಅವನ್ದೇ ಅಲ್ವಾ," ಎಂದಳು.

"ಅವನ್ದೇ," ಎಂದರು ನಂದಿತಾ. "ಅದನ್ನ ಕೊಡಲ್ಲಮ್ಮ. ಇಷ್ಟು ದಿನ ಅದು ನಕಲು ಆಗಿತ್ತು. ಈಗ ಆ ಚಿತ್ರ ಅಂತ ಲೋಕದಲ್ಲಿ ಇರೋದು ಅದೊಂದೇ. ಅದನ್ನ ಮಾತ್ರ ಕೇಳ್ಬೇಡಿ."

ಮುಂದೆ ಹೇಳಲಾರದೆ ಅವರು ಸೆರಗಿನಿಂದ ಮೂಗು ಒತ್ತಿಕೊಂಡು ಒಳಗಿನ ಕೋಣೆಗೆ ಹೋಗಿಬಿಟ್ಟರು.

ಪೆಟ್ಟಿಗೆಗೆ ಬೀಗವಿರಲಿಲ್ಲ, ಬರಿ ಚಿಲಕ. ಹುಲಿಗೆಪ್ಪ ಅವಳನ್ನೊಮ್ಮೆ ನೋಡಿದ, ಚಿಲಕವನ್ನೊಮ್ಮೆ ನೋಡಿದ. ಆಮೇಲೆ, ಆಟೋ ಹಿಡಿತೀನಿ ಅಮ್ಮಾ ಎಂದು ಮೆಲ್ಲಗೆ ಹೇಳಿ, ಹಿಂದಕ್ಕೆ ತಿರುಗದೆ ಹೊರಗೆ ಹೋದ. ಕೋಣೆಯಲ್ಲಿ ಅವಳೊಬ್ಬಳೇ. ಕೈಯಲ್ಲಿ ಸ್ಪಿರಿಟ್ಟಿನ ಹತ್ತಿ ಇನ್ನೂ ಒದ್ದೆಯಿತ್ತು.

ಅವಳು ಚಿಲಕ ತೆಗೆದಳು. ಕಲ್ಲನ್ನು ಎತ್ತಿಕೊಂಡಳು. ಮಗನಿಗೆ ಒಪ್ಪಿಗೆಯಾಗದ ಕೆಂಪು ಇದೇ ಇರಬೇಕು. ಅವಳ ಕಣ್ಣಿಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಒಂದು ಸಲ ಒತ್ತಿ ಎಳೆದರೆ ಸಾಕು, ಮುಖ ಹೋಗುತ್ತದೆ, ಮಗ ಬಿಡುಗಡೆಯಾಗುತ್ತಾನೆ. ಅವಳ ಬೆರಳುಗಳು ಅದಕ್ಕಾಗಿ ತವಕಿಸುತ್ತಿದ್ದವು. ಆದರೆ ಒಳಗಿನ ಕೋಣೆಯಲ್ಲಿ ಆ ಹೆಂಗಸು ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವುದು ಕೇಳುತ್ತಿತ್ತು. ಈ ಮನೆಯಿಂದ ನಂಬಿ ಕೊಟ್ಟ ವಸ್ತು ಒಂದು ಸಲ ತನ್ನ ಕೈಯಲ್ಲಿ ತಿಳಿಯದೆ ಹಾಳಾಯಿತು. ಈಗ ತಿಳಿದೂ ಹಾಳು ಮಾಡಿದರೆ ಅದು ಕಳ್ಳತನ. ಆ ಕಳ್ಳತನವೂ ಮಗನ ಹೆಸರಿನಲ್ಲೇ ಆಗುತ್ತದೆ, ಅದನ್ನೂ ಅಲ್ಲಿ ಅವನನ್ನೇ ಕೇಳಿದರೆ? ಅವಳು ಅಲ್ಲಾಡದೆ ನಿಂತಿದ್ದಳು. ಹತ್ತಿ ಒಣಗಿತು. ಕಲ್ಲನ್ನು ಅದರ ಜಾಗದಲ್ಲಿಟ್ಟು ಚಿಲಕ ಹಾಕಿದಳು. ಅದನ್ನು ಅಲ್ಲಿಡುವಾಗ ಮಗನನ್ನು ಎರಡನೆಯ ಸಲ ಮಣ್ಣಿಗಿಟ್ಟಂತೆ ಅವಳಿಗೆ ಅನ್ನಿಸಿತು.

ಆಟೋ ಹಲಸೂರು ಕೆರೆ ದಾಟಿ ಶಿವಾಜಿನಗರದ ಕಡೆ ಹೊರಟಿತು. ಮೆಟ್ರೋ ಕೆಲಸಕ್ಕೆ ಅಗೆದ ರಸ್ತೆಯಲ್ಲಿ ಟ್ರಾಫಿಕ್ಕು ನಿಂತಿತ್ತು. ಹುಲಿಗೆಪ್ಪ ಪಕ್ಕದಲ್ಲಿ ಕೂತು, ಆಯಿತೇ ಎಂದು ಕೇಳುವ ಧೈರ್ಯವಿಲ್ಲದೆ ರಸ್ತೆ ನೋಡುತ್ತಿದ್ದ. ಶಂಶುನ್ನೀಸಾ ಮಡಿಲಲ್ಲಿ ಎರಡೂ ಅಂಗೈಗಳನ್ನು ಮೇಲಕ್ಕೆ ತೆರೆದುಕೊಂಡಳು. ಮಗನನ್ನು ಬಿಟ್ಟುಬಿಡು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಆ ಬೆಕ್ಕು ಕಣ್ಣು ಬಿಟ್ಟುಕೊಂಡು ಉಳಿದದ್ದು ಇನ್ನು ಅವನ ಕೆಲಸವಲ್ಲ, ತನ್ನ ಕೆಲಸ. ಅಳಿಸಬಹುದಾಗಿದ್ದವಳು ತಾನು, ಅಳಿಸದೆ ಬಂದವಳೂ ತಾನು. ಜೀವ ಕೊಡು ಎಂದು ಕೇಳಲೇಬೇಕಿದ್ದರೆ ಕೇಳಬೇಕಾದ್ದು ತನ್ನನ್ನು. ಕೊಡಲು ತನ್ನಿಂದಲೂ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೆತ್ತವಳಾಗಿಯೂ ಒಂದು ಜೀವವನ್ನು ಉಳಿಸಿಕೊಳ್ಳಲಾಗದವಳು, ಬೆಕ್ಕಿಗೆ ಎಲ್ಲಿಂದ ತರುತ್ತಾಳೆ?

"ಉಸ್ಕು ನಕ್ಕೋ ಪೂಛ್," ಎಂದಳು ಮೆಲ್ಲಗೆ, ಮಗ ಮಲಗಿರುವಾಗ ಪಕ್ಕದ ಮನೆಯವರೊಡನೆ ಮಾತಾಡುತ್ತಿದ್ದ ದನಿಯಲ್ಲಿ. ಅವನನ್ನು ಕೇಳಬೇಡ. "ಮೇರೆಕು ಪೂಛ್." ನನ್ನನ್ನು ಕೇಳು.